ಸ್ಪಿಂಡಲ್ ಡ್ರೈವ್‌ನಲ್ಲಿ ಎನ್‌ಕೋಡರ್ ಅಲಾರ್ಮ್: ಹೊಸ ಎನ್‌ಕೋಡರ್ ತರಿಸುವ ಮುಂಚೆ ಏನೇನು ನೋಡಬೇಕು

ಸಿಎನ್‌ಸಿ ಪರದೆಯ ಮೇಲೆ ಎಸ್‌ಪಿ9073 ಎಂಬ ಅಲಾರ್ಮ್ ಬಂದ ಕೂಡಲೇ ಬಹಳ ಕಡೆ ಹೊಸ ಎನ್‌ಕೋಡರ್‌ಗೆ (ಸ್ಪಿಂಡಲ್, ಅಂದರೆ ಟೂಲ್ ಅಥವಾ ಜಾಬ್ ಹಿಡಿದು ತಿರುಗುವ ಶಾಫ್ಟ್, ಎಷ್ಟು ತಿರುಗಿತು ಎಂದು ತಿಳಿಸುವ ಸೆನ್ಸರ್) ರೇಟು ಕೇಳಲು ಶುರು ಮಾಡುತ್ತಾರೆ. ಪೀಣ್ಯದಂಥ ಕಡೆ ಒಂದೆರಡು ಯಂತ್ರ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ಇದು ದೊಡ್ಡ ಪೆಟ್ಟು. ಹೊಸ ಸೆನ್ಸರ್ ಅಗ್ಗವಲ್ಲ, ಬರುವುದೂ ತಡ. ಅಷ್ಟೆಲ್ಲ ಮಾಡಿ ಹಾಕಿದ ಮೇಲೂ ಅದೇ ಅಲಾರ್ಮ್ ಬಂದರೆ ದುಡ್ಡೂ ಹೋಯಿತು, ವಾರವೂ ಹೋಯಿತು.

ಆ ಅಲಾರ್ಮ್ ಹೇಳುವುದು ಇಷ್ಟೇ: ಸ್ಪಿಂಡಲ್ ಮೋಟರ್ ನಡೆಸುವ ಡ್ರೈವ್ ನಿರೀಕ್ಷಿಸಿದ ಸಿಗ್ನಲ್ ಅದಕ್ಕೆ ಸರಿಯಾಗಿ ತಲುಪಿಲ್ಲ. ಎನ್‌ಕೋಡರ್‌ನಿಂದ ಡ್ರೈವ್‌ವರೆಗಿನ ದಾರಿಯಲ್ಲಿ ಬೆಲ್ಟ್, ಪುಲ್ಲಿ, ಕನೆಕ್ಟರ್, ಕೇಬಲ್, ಶೀಲ್ಡ್ (ಕೇಬಲ್ ಎಳೆಗಳ ಸುತ್ತಲಿನ ಲೋಹದ ಜಾಲರಿ), 5 ವೋಲ್ಟ್ ಸಪ್ಲೈ, ಪ್ಯಾರಾಮೀಟರ್ (ಡ್ರೈವ್‌ಗೆ ಕೊಟ್ಟ ಸೆಟ್ಟಿಂಗ್) ಎಲ್ಲ ಇವೆ. ಎನ್‌ಕೋಡರ್ ಅದರಲ್ಲಿ ಒಂದು ಭಾಗ ಮಾತ್ರ. ಹೀಗಾಗಿ ಪರೀಕ್ಷೆಯ ಸರದಿ ಬಹಳ ಮುಖ್ಯ. ಸುಲಭವಾಗಿ, ಖರ್ಚಿಲ್ಲದೆ ನೋಡಬಹುದಾದದ್ದನ್ನು ಮೊದಲು ನೋಡಿ. ಎನ್‌ಕೋಡರ್ ಬದಲಿಸುವುದು ಕೊನೆಗಿರಲಿ.

ಇಲ್ಲಿ ಹೆಚ್ಚಾಗಿ ಫ್ಯಾನುಕ್ ಆಲ್ಫಾ ಐ ಸ್ಪಿಂಡಲ್ ಆಂಪ್ಲಿಫೈಯರ್ (ಫ್ಯಾನುಕ್‌ನಲ್ಲಿ ಡ್ರೈವ್‌ಗೆ ಇರುವ ಹೆಸರು) ಇರುವ ವಿಎಂಸಿ (ಲಂಬ ಸ್ಪಿಂಡಲ್‌ನ ಮಿಲ್ಲಿಂಗ್ ಯಂತ್ರ) ಮತ್ತು ಲೇತ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಸೀಮೆನ್ಸ್ ಸಿನಾಮಿಕ್ಸ್, ಯಾಸ್ಕಾವಾ ಡ್ರೈವ್‌ಗಳ ಕೋಡ್‌ಗಳನ್ನೂ ಅಲ್ಲಲ್ಲಿ ಕೊಟ್ಟಿದ್ದೇನೆ. ಪರೀಕ್ಷೆ ಮಾಡುವ ವಿಧಾನ ಎಲ್ಲಕ್ಕೂ ಒಂದೇ.

ಕೈ ಹಾಕುವ ಮುಂಚೆ

ಮೇನ್ ಸ್ವಿಚ್ ಆಫ್ ಮಾಡಿ, ಬೀಗ ಹಾಕಿ. ಡ್ರೈವ್ ಒಳಗಿನ ಡಿಸಿ ಲಿಂಕ್ ಕೆಪಾಸಿಟರ್‌ಗಳಲ್ಲಿ ಆಮೇಲೂ ಚಾರ್ಜ್ ಉಳಿದಿರುತ್ತದೆ. 200 ವೋಲ್ಟ್ ವರ್ಗದ ಡ್ರೈವ್‌ನಲ್ಲಿ ಅದು ಸುಮಾರು 300 ವೋಲ್ಟ್ ಡಿಸಿ, 400 ವೋಲ್ಟ್ ವರ್ಗದಲ್ಲಿ ಸುಮಾರು 600. ಡ್ರೈವ್ ಮೇಲೆ ಬರೆದಿರುವಷ್ಟು ಹೊತ್ತು ಕಾಯಿರಿ. ಚಾರ್ಜ್ ದೀಪ ಆರಿದರೂ ಸಾಲದು, ಮೀಟರ್ ಇಟ್ಟು ಖಚಿತ ಮಾಡಿಕೊಳ್ಳಿ.

ಇನ್ನೆರಡು ಮಾತು. ಪವರ್ ಇರುವಾಗ ಎನ್‌ಕೋಡರ್ ಕನೆಕ್ಟರ್ ಕೀಳಬೇಡಿ, ಹಾಕಬೇಡಿ. ಒಂದು ಕಿಡಿಗೆ ಲೈನ್ ಡ್ರೈವರ್ ಐಸಿ ಸುಟ್ಟುಹೋಗಬಹುದು. ಎರಡನೆಯದು ಮೆಗ್ಗರ್, ಅಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ಪರೀಕ್ಷಿಸುವ ಮೀಟರ್. ಮೋಟರ್ ವೈಂಡಿಂಗ್ ಮೆಗ್ಗರ್ ಮಾಡುವ ಅಭ್ಯಾಸ ಒಳ್ಳೆಯದೇ. ಆದರೆ ಎನ್‌ಕೋಡರ್ ಕೇಬಲ್‌ಗೆ ಮೆಗ್ಗರ್ ಹಾಕಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಅಲ್ಲೇ ಮುಗಿಯಿತು. ಆ ಕೇಬಲ್‌ಗೆ ಸಾಮಾನ್ಯ ಮಲ್ಟಿಮೀಟರ್ ಸಾಕು.

ಯಂತ್ರದಲ್ಲಿ ಎಷ್ಟು ಸೆನ್ಸರ್ ಇವೆ?

ಸ್ಪಿಂಡಲ್‌ನಲ್ಲಿ ಒಂದೇ ಎನ್‌ಕೋಡರ್ ಅಂತ ಅಂದುಕೊಂಡು ಬೇರೆಯದನ್ನು ಬಿಚ್ಚಿ ಕೂರುವುದುಂಟು. ಮೋಟರ್ ಒಳಗೆ ಒಂದು ಸೆನ್ಸರ್ ಇರುತ್ತದೆ. ಮೋಟರ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಡ್ರೈವ್‌ಗೆ ತಿಳಿಸುವುದು ಅದೇ. ಫ್ಯಾನುಕ್‌ನಲ್ಲಿ ಇದು ಹಲ್ಲಿನ ಚಕ್ರವನ್ನು ಓದುವ ಮ್ಯಾಗ್ನೆಟಿಕ್ ಸೆನ್ಸರ್. ಆಲ್ಫಾ ಐ ಆಂಪ್ಲಿಫೈಯರ್‌ನ ಜೆವೈಎ2 ಕನೆಕ್ಟರ್‌ಗೆ ಬರುತ್ತದೆ. ಮೋಟರ್‌ನಿಂದ ಬೆಲ್ಟ್ ಮೂಲಕ ಸ್ಪಿಂಡಲ್ ತಿರುಗುವ ಯಂತ್ರಗಳಲ್ಲಿ ಸ್ಪಿಂಡಲ್‌ಗೇ ಇನ್ನೊಂದು ಎನ್‌ಕೋಡರ್ ಇರಬಹುದು. ಅದಕ್ಕೆ ಪೊಸಿಷನ್ ಕೋಡರ್ ಎನ್ನುತ್ತಾರೆ, ಅದು ಹೋಗುವುದು ಜೆವೈಎ3ಕ್ಕೆ. ಸ್ಪಿಂಡಲ್ ಮೇಲೆಯೇ ಕೂರಿಸಿದ ಬಿಝಡ್ ಮಾದರಿಯ ಸೆನ್ಸರ್ ಇದ್ದರೆ ಜೆವೈಎ4ಕ್ಕೆ.

ಲೇತ್‌ನಲ್ಲಿ ಥ್ರೆಡ್ ಹಾಕುವುದು, ವಿಎಂಸಿಯಲ್ಲಿ ರಿಜಿಡ್ ಟ್ಯಾಪಿಂಗ್ (ರಂಧ್ರದೊಳಗೆ ಥ್ರೆಡ್ ಹಾಕುವುದು), ಎಂ19 ಓರಿಯೆಂಟೇಶನ್ (ಸ್ಪಿಂಡಲ್ ಅನ್ನು ನಿಗದಿತ ಕೋನದಲ್ಲಿ ನಿಲ್ಲಿಸುವುದು) ಇವೆಲ್ಲ ಸ್ಪಿಂಡಲ್ ಯಾವ ಕೋನದಲ್ಲಿದೆ ಎಂಬ ಮಾಹಿತಿಯ ಮೇಲೆ ನಿಂತಿವೆ. ಮೋಟರ್ ಸೆನ್ಸರ್ ಹೋದರೆ ಸ್ಪಿಂಡಲ್ ತಿರುಗುವುದೇ ಕಷ್ಟ. ಸ್ಪಿಂಡಲ್ ಕಡೆಯದು ಕೆಟ್ಟರೆ ಮಾಮೂಲಿ ಕಟಿಂಗ್ ಸರಿಯಾಗಿಯೇ ನಡೆದು, ಥ್ರೆಡ್ ಬಂದಾಗ ಮಾತ್ರ ಕೈಕೊಡಬಹುದು. ಆಪರೇಟರ್ ಹೇಳುವ ಈ ಒಂದು ವಿವರದಿಂದಲೇ ಯಾವ ಕೇಬಲ್ ಹಿಡಿಯಬೇಕು ಅಂತ ಗೊತ್ತಾಗುತ್ತದೆ.

ಅಲಾರ್ಮ್ ನಂಬರ್ ಓದುವುದು

ಫ್ಯಾನುಕ್‌ನಲ್ಲಿ ಎಸ್‌ಪಿ9073 ಬಂದರೆ ಮೋಟರ್ ಸೆನ್ಸರ್ ಸಿಗ್ನಲ್ ಕಡಿದಿದೆ ಎಂದರ್ಥ. ಎಸ್‌ಪಿ9027 ಪೊಸಿಷನ್ ಕೋಡರ್‌ಗೆ, ಎಸ್‌ಪಿ9084 ಸ್ಪಿಂಡಲ್ ಸೆನ್ಸರ್‌ಗೆ ಅದೇ ಅರ್ಥದ್ದು. ಆಂಪ್ಲಿಫೈಯರ್ ಮೇಲಿನ ಪುಟ್ಟ ಡಿಸ್‌ಪ್ಲೇಯಲ್ಲಿ ಕೊನೆಯ ಎರಡು ಅಂಕಿ, ಅಂದರೆ 73, 27, 84 ಮಾತ್ರ ಕಾಣುತ್ತದೆ.

ಎಸ್‌ಪಿ9047, ಎಸ್‌ಪಿ9083, ಎಸ್‌ಪಿ9087 ಬೇರೆ ಜಾತಿಯವು. ಇಲ್ಲಿ ಸಿಗ್ನಲ್ ಬರುತ್ತಿದೆ, ಲೆಕ್ಕ ತಪ್ಪುತ್ತಿದೆ. ಸ್ಪಿಂಡಲ್ ಒಂದು ಸುತ್ತು ಮುಗಿಸಿದಾಗಲೆಲ್ಲ ಝಡ್ ಎಂಬ ಒಂದು ಪಲ್ಸ್ ಬರುತ್ತದೆ. ಎರಡು ಝಡ್ ಪಲ್ಸ್ ನಡುವೆ ಎ ಮತ್ತು ಬಿ ಎಂಬ ಎರಡು ಲೈನ್‌ಗಳಲ್ಲಿ ಪಲ್ಸ್ ಎಷ್ಟು ಬಂದವು ಎಂದು ಡ್ರೈವ್ ಎಣಿಸುತ್ತದೆ. 1024 ಪಲ್ಸ್‌ನ ಪೊಸಿಷನ್ ಕೋಡರ್‌ನಲ್ಲಿ ಎ, ಬಿ ಎರಡರ ಏರು ಇಳಿವು ಎಲ್ಲ ಸೇರಿ 4096 ಎಣಿಕೆ ಬರಬೇಕು. ಒಪ್ಪಿತ ಮಿತಿಗಿಂತ ಜಾಸ್ತಿ ಹೆಚ್ಚುಕಡಿಮೆ ಆದರೆ 9047 ಬರುತ್ತದೆ. ಹಾಗಾಗಿ ಈ ಗುಂಪಿನ ಅಲಾರ್ಮ್ ಕಂಡಾಗ ಶೀಲ್ಡ್, ನಾಯ್ಸ್ (ಹೊರಗಿನಿಂದ ಸಿಗ್ನಲ್‌ಗೆ ಸೇರುವ ವಿದ್ಯುತ್ ಅಡಚಣೆ), ಸೆನ್ಸರ್ ಮತ್ತು ಹಲ್ಲಿನ ಚಕ್ರದ ನಡುವಿನ ಗ್ಯಾಪ್ ಇವುಗಳ ಕಡೆ ಗಮನ ಕೊಡಿ. ಝಡ್ ಪಲ್ಸ್ ತಪ್ಪಾಗಿ ಬಂದರೆ 9041, ಬರಲೇ ಇಲ್ಲವಾದರೆ 9042.

ಎಸ್‌ಪಿ9031 ಮತ್ತು ಎಸ್‌ಪಿ9002 ಬಂದರೆ ಅವಸರ ಬೇಡ. 9031 ಅಂದರೆ ತಿರುಗು ಎಂದು ಹೇಳಿದರೂ ಮೋಟರ್ ತಿರುಗಿದಂತೆ ಕಾಣುತ್ತಿಲ್ಲ. ನಿಜವಾಗಿಯೂ ಸ್ಪಿಂಡಲ್ ಜಾಮ್ ಆಗಿರಬಹುದು, ಮೋಟರ್‌ನ ಒಂದು ಫೇಸ್ ಕಡಿದಿರಬಹುದು, ಸೆನ್ಸರ್‌ನಿಂದ ಬರುವ ಫೀಡ್‌ಬ್ಯಾಕ್ ಇಲ್ಲದೇ ಇರಬಹುದು. 9002 ಕೊಟ್ಟ ವೇಗಕ್ಕೂ ಬಂದ ವೇಗಕ್ಕೂ ದೊಡ್ಡ ಅಂತರ ಎನ್ನುತ್ತದೆ. ಕಟಿಂಗ್ ಲೋಡ್ ಜಾಸ್ತಿಯಾದರೂ ಅದು ಬರುತ್ತದೆ.

ಸೀಮೆನ್ಸ್ ಎಸ್120ಯಲ್ಲಿ 31ರಿಂದ ಶುರುವಾಗುವ ಕೋಡ್ ಒಂದನೇ ಎನ್‌ಕೋಡರ್‌ದು, 32 ಎರಡನೆಯದು. ಎಫ್31100 ಝಡ್ ಪಲ್ಸ್‌ಗಳ ಅಂತರ ತಪ್ಪಿದ್ದಕ್ಕೆ, ಎಫ್31101 ಝಡ್ ಪಲ್ಸ್ ಸಿಗದಿದ್ದಕ್ಕೆ, ಎಫ್31115 ಸಿಗ್ನಲ್ ಎತ್ತರ ಕುಸಿದಿದ್ದಕ್ಕೆ. ಈ ಕೊನೆಯದಕ್ಕೆ ಮೊದಲು ಎ31415 ಎಂಬ ಎಚ್ಚರಿಕೆ ಬರುತ್ತದೆ. ಎಚ್ಚರಿಕೆ ಬಂದರೂ ಯಂತ್ರ ನಿಲ್ಲುವುದಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲಾರ್ಮ್ ಹಿಸ್ಟರಿಯಲ್ಲಿ ಅದು ಯಾವಾಗಿನಿಂದ ಇದೆ ನೋಡಿ. ಕೊಳೆ ನಿಧಾನವಾಗಿ ಕೂತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಯಾಸ್ಕಾವಾ ಡ್ರೈವ್‌ನಲ್ಲಿ ಪಿಜಿಓ ಅಂದರೆ ಪಲ್ಸ್ ಬರುತ್ತಿಲ್ಲ, ಡಿಇವಿ ಅಂದರೆ ವೇಗದ ಅಂತರ.

ಯಾವಾಗ ಬರುತ್ತದೆ ಎಂದು ಕೇಳಿ

ನನ್ನ ಮಟ್ಟಿಗೆ ಇಡೀ ಕೆಲಸದ ಅರ್ಧ ಉತ್ತರ ಇಲ್ಲಿದೆ. ನಂಬರ್ ಏನು ಎನ್ನುವುದಕ್ಕಿಂತ ಯಾವಾಗ ಬಂತು ಎನ್ನುವುದು ಜಾಸ್ತಿ ಹೇಳುತ್ತದೆ. ಅದು ಗೊತ್ತಿರುವುದು ಆಪರೇಟರ್‌ಗೆ. ಅವರನ್ನು ಪಕ್ಕಕ್ಕೆ ಸರಿಸಿ ಪ್ಯಾನೆಲ್ ಬಾಗಿಲು ತೆಗೆಯುವ ಬದಲು ಹತ್ತು ನಿಮಿಷ ಕೂತು ಮಾತಾಡಿ. ಎರಡೂ ಶಿಫ್ಟಿನವರನ್ನು ಕೇಳಿದರೆ ಇನ್ನೂ ಒಳ್ಳೆಯದು.

ಪವರ್ ಕೊಟ್ಟ ಕೂಡಲೇ, ಸ್ಪಿಂಡಲ್ ತಿರುಗುವ ಮುಂಚೆಯೇ ಬರುತ್ತಿದೆಯೇ? ಹಾಗಾದರೆ ವೈರ್ ಪೂರ್ತಿ ಕಡಿದಿದೆ, 5 ವೋಲ್ಟ್ ಇಲ್ಲ, ಸೆನ್ಸರ್ ಸತ್ತಿದೆ ಅಥವಾ ಪ್ಯಾರಾಮೀಟರ್ ತಪ್ಪಿದೆ. ಇಂಥ ಕೇಸು ಸುಲಭ, ಯಾಕೆಂದರೆ ತೊಂದರೆ ಓಡಿಹೋಗದೆ ಅಲ್ಲೇ ನಿಂತಿರುತ್ತದೆ.

ಹೆಡ್ ಮೇಲೆ ಕೆಳಗೆ ಹೋಗುವಾಗ, ಝಡ್ ಅಕ್ಷ ಒಂದು ಜಾಗಕ್ಕೆ ಬಂದಾಗ ಮಾತ್ರ ಬರುತ್ತಿದೆಯೇ? ಡ್ರ್ಯಾಗ್ ಚೈನ್‌ನಲ್ಲಿ (ಚಲಿಸುವ ಕೇಬಲ್‌ಗಳನ್ನು ಹೊತ್ತು ಬಾಗುವ ಸರಪಳಿ) ಕೇಬಲ್ ಮಡಚುವ ಜಾಗದಲ್ಲಿ ಒಂದು ಎಳೆ ಕಡಿದಿದೆ. ಅಲಾರ್ಮ್ ಬಂದಾಗ ಝಡ್ ಎಷ್ಟಿತ್ತು ಎಂದು ಬರೆದಿಡಲು ಹೇಳಿ. ನಾಲ್ಕೈದು ಸಲ ಒಂದೇ ಆಸುಪಾಸಿನ ಅಂಕಿ ಬಂದರೆ ಬೇರೇನೂ ಹುಡುಕಬೇಕಾಗಿಲ್ಲ.

ಒಂದು ವೇಗ ದಾಟಿದ ಮೇಲೆ ಬರುತ್ತಿದೆಯೇ? ವೇಗ ಹೆಚ್ಚಿದಂತೆ ಪಲ್ಸ್ ಆವರ್ತನ ಏರುತ್ತದೆ. 1024 ಪಲ್ಸ್‌ನ ಎನ್‌ಕೋಡರ್ 6000 ಆರ್‌ಪಿಎಂನಲ್ಲಿ ತಿರುಗಿದರೆ ಒಂದು ಚಾನೆಲ್‌ನಲ್ಲೇ ಸೆಕೆಂಡಿಗೆ 1,02,400 ಪಲ್ಸ್. ಅಷ್ಟು ಆವರ್ತನದಲ್ಲಿ ಕೇಬಲ್ ಕಳಪೆಯಾಗಿದ್ದರೆ ಚೌಕಾಕಾರದ ಪಲ್ಸ್ ಮೂಲೆ ಸವೆದು ಚಿಕ್ಕದಾಗುತ್ತದೆ. ಕಂಪನ ಕೂಡ ವೇಗದ ಜೊತೆ ಏರುತ್ತದೆ. ಸಡಿಲವಾದ ಕನೆಕ್ಟರ್ ಪಿನ್, ಸಡಿಲವಾದ ಸೆನ್ಸರ್ ಸ್ಕ್ರೂ ಆಗ ಬಯಲಾಗುತ್ತವೆ.

ವೇಗ ಏರುವಾಗ ಅಥವಾ ಬ್ರೇಕ್ ಹಾಕುವಾಗ ಮಾತ್ರ ಬಂದರೆ ನಾಯ್ಸ್ ಅಥವಾ ಬೆಲ್ಟ್. ಮೋಟರ್ ಕರೆಂಟ್ ಅತಿ ಹೆಚ್ಚು ಇರುವುದು ಆ ಹೊತ್ತಿನಲ್ಲಿ. ಕೂಲಂಟ್ ಪಂಪ್ ಅಥವಾ ಟೂಲ್ ಚೇಂಜರ್ ಸೊಲೆನಾಯ್ಡ್ ಆನ್ ಆಗುವ ಕ್ಷಣಕ್ಕೆ ಸರಿಯಾಗಿ ಬಂದರೆ ಆ ಕಾಂಟ್ಯಾಕ್ಟರ್ ಕಾಯಿಲ್‌ಗೆ ಸರ್ಜ್ ಸಪ್ರೆಸರ್ ಇದೆಯೇ ನೋಡಿ. ಎಸಿ ಕಾಯಿಲ್‌ಗೆ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್), ಡಿಸಿ ಕಾಯಿಲ್‌ಗೆ ಡಯೋಡ್. ಪಕ್ಕದಲ್ಲಿ ವೆಲ್ಡಿಂಗ್ ನಡೆಯುವಾಗ ಮಾತ್ರ ಬಂದರೆ ಅರ್ತಿಂಗ್ ಕಡೆ ಹೋಗಿ.

ಬಿಸಿಯಾದ ಮೇಲೆ, ಒಂದೆರಡು ಗಂಟೆ ಓಡಿದ ಮೇಲೆ ಬರುತ್ತಿದೆಯೇ? ಒಳಗೆ ಸೋಲ್ಡರ್ ಬಿರುಕು, ಎನ್‌ಕೋಡರ್ ಬೇರಿಂಗ್, ಅಥವಾ ಬಿಸಿಗೆ ಹಿಗ್ಗಿ ಬದಲಾಗುವ ಗ್ಯಾಪ್. ಇದಕ್ಕೆ ತದ್ವಿರುದ್ಧವಾಗಿ ಬೆಳಿಗ್ಗೆ ಆನ್ ಮಾಡಿದಾಗ ಬಂದು, ಯಂತ್ರ ಬಿಸಿಯಾದ ಮೇಲೆ ತಾನಾಗಿ ಹೋದರೆ ತೇವ. ಮಂಗಳೂರಿನ ಬೈಕಂಪಾಡಿಯಂಥ ಕಡೆ ಮಳೆಗಾಲದಲ್ಲಿ ರಾತ್ರಿ ನಿಂತ ಯಂತ್ರದಲ್ಲಿ ಆಪ್ಟಿಕಲ್ ಎನ್‌ಕೋಡರ್ ಒಳಗಿನ ಗಾಜಿನ ಡಿಸ್ಕ್ ಮೇಲೆ ಹಬೆ ಕೂರಬಹುದು. ಸೀಲ್ ಹೋಗಿದೆ, ಅಥವಾ ಸ್ಪಿಂಡಲ್‌ಗೆ ಕೊಡುವ ಏರ್ ಪರ್ಜ್ ಗಾಳಿಯಲ್ಲೇ ನೀರಿದೆ. ಕಂಪ್ರೆಸರ್ ಡ್ರೈಯರ್, ಫಿಲ್ಟರ್ ಬೌಲ್ ಎರಡನ್ನೂ ನೋಡಿ.

ಸ್ಪಿಂಡಲ್ ಬೇರಿಂಗ್ ಬದಲಿಸಿದ ಮರುದಿನವೇ ಶುರುವಾಯಿತು ಅಂದರೆ ಗ್ಯಾಪ್ ಅಥವಾ ಸಿಕ್ಕಿಹಾಕಿಕೊಂಡ ಕೇಬಲ್. ಬೇರೆ ಯೋಚನೆಯೇ ಬೇಡ.

ಕೈಯಿಂದ ತಿರುಗಿಸಿ ನೋಡುವುದು

ಪವರ್ ಇಲ್ಲದಾಗ ಸ್ಪಿಂಡಲ್ ಅನ್ನು ಕೈಯಿಂದ ತಿರುಗಿಸಿ. ಎಲ್ಲಾದರೂ ಹಿಡಿಯುತ್ತದೆಯೇ? ಪೊಸಿಷನ್ ಕೋಡರ್‌ಗೆ ಬೆಲ್ಟ್ ಇದ್ದರೆ ಕವರ್ ತೆಗೆದು ಹಲ್ಲುಗಳನ್ನು ಒಂದೊಂದಾಗಿ ನೋಡಿ. ಎಣ್ಣೆ ಕುಡಿದ ಬೆಲ್ಟ್‌ನ ಹಲ್ಲು ಬುಡದಲ್ಲೇ ಕಿತ್ತು ಬರುತ್ತದೆ. ಪುಲ್ಲಿಯ ಗ್ರಬ್ ಸ್ಕ್ರೂ ಸಡಿಲವಾಗಿದ್ದರೆ ಪುಲ್ಲಿ ಆಗಾಗ ಶಾಫ್ಟ್ ಮೇಲೆ ಒಂದಿಷ್ಟು ಜಾರುತ್ತದೆ. ಅಲಾರ್ಮ್ ಏನೂ ಬರುವುದಿಲ್ಲ, ಎಂ19 ಕೋನ ಮಾತ್ರ ದಿನಕ್ಕೊಂದು. ಪುಲ್ಲಿ ಮತ್ತು ಶಾಫ್ಟ್ ಎರಡರ ಮೇಲೂ ಸೇರುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು ಬಿಡಿ. ಗೆರೆ ಮುರಿದಿದ್ದರೆ ಜಾರಿದೆ.

ಮ್ಯಾಗ್ನೆಟಿಕ್ ಸೆನ್ಸರ್ ಆದರೆ ಹಲ್ಲಿನ ಚಕ್ರ ಸ್ವಚ್ಛವಾಗಿದೆಯೇ ನೋಡಿ. ಬೆಳಗಾವಿಯ ಉದ್ಯಮಬಾಗ್ ಕಡೆ ಬೀಡು ಕಬ್ಬಿಣದ ಕೆಲಸ ಜಾಸ್ತಿ. ಆ ಕಪ್ಪು ಪುಡಿ ಎಲ್ಲಿ ಅಯಸ್ಕಾಂತ ಇದೆಯೋ ಅಲ್ಲಿಗೇ ಹೋಗಿ ಅಂಟುತ್ತದೆ. ಸೆನ್ಸರ್ ಮುಖಕ್ಕೆ ಮೀಸೆಯಂತೆ ಬೆಳೆದ ಪುಡಿ ಹಲ್ಲಿನ ಆಕಾರವನ್ನೇ ಮಸುಕು ಮಾಡುತ್ತದೆ. ಮೆತ್ತಗಿನ ಬಟ್ಟೆ, ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ ಒರೆಸಿ. ಏರ್ ಗನ್ ಹಿಡಿಯಬೇಡಿ. ಪುಡಿ ಇನ್ನೂ ಒಳಕ್ಕೆ ಹೋಗುತ್ತದೆ. ಸೆನ್ಸರ್ ಮತ್ತು ಚಕ್ರದ ನಡುವಿನ ಗ್ಯಾಪ್ ಒಂದು ಮಿಲಿಮೀಟರಿನ ಸಣ್ಣ ಭಾಗ. ಕೆಲವು ಮಾದರಿಗಳಲ್ಲಿ 0.15 ಮಿ.ಮೀ. ಆಸುಪಾಸು. ನಿಮ್ಮ ಸೆನ್ಸರ್‌ನ ಮ್ಯಾನುವಲ್‌ನಲ್ಲಿ ಕೊಟ್ಟ ಅಳತೆಯ ಫೀಲರ್ ಗೇಜ್ ಹಾಕಿ, ಚಕ್ರ ತಿರುಗಿಸುತ್ತಾ ಮೂರು ನಾಲ್ಕು ಕಡೆ ಅಳೆಯಿರಿ. ಒಂದು ಕಡೆ ಬಿಗಿ, ಎದುರು ಕಡೆ ಸಡಿಲ ಅನ್ನಿಸಿದರೆ ಚಕ್ರವೇ ನಡುವಿನಲ್ಲಿ ಕೂತಿಲ್ಲ.

ಕನೆಕ್ಟರ್ ಮತ್ತು ಕೇಬಲ್

ಎರಡೂ ತುದಿಯ ಕನೆಕ್ಟರ್ ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ಪಿನ್ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಕೂಲಂಟ್ ಒಳಗೆ ಬಂದಿದೆ. ಮೋಟರ್ ಕಡೆಯ ಕನೆಕ್ಟರ್‌ಗೆ ಕೇಬಲ್ ಮೇಲಿನಿಂದ ಇಳಿದು ಬಂದರೆ ಕೂಲಂಟ್ ಅದೇ ದಾರಿಯಲ್ಲಿ ಇಳಿಯುತ್ತದೆ. ಕನೆಕ್ಟರ್‌ಗೆ ಮೊದಲು ಕೇಬಲ್ ಅನ್ನು ಕೆಳಕ್ಕೆ ಒಂದು ಸುತ್ತು ಇಳಿಬಿಟ್ಟರೆ ಹನಿ ಅಲ್ಲೇ ಬೀಳುತ್ತದೆ. ಹಿಂದಕ್ಕೆ ಸರಿದ ಪಿನ್, ಅಗಲವಾದ ಸಾಕೆಟ್ ಕೂಡ ನೋಡಿ.

ಕೇಬಲ್ ಪರೀಕ್ಷೆಗೆ ಎರಡೂ ಕಡೆ ಬಿಚ್ಚಿರಬೇಕು. ಎನ್‌ಕೋಡರ್ ತುದಿಯಲ್ಲಿ ಎ ಮತ್ತು ಎ-ಬಾರ್ (ಎ ಸಿಗ್ನಲ್‌ನ ತದ್ವಿರುದ್ಧ ಸಿಗ್ನಲ್ ಹೋಗುವ ಎಳೆ) ಎರಡನ್ನೂ ಒಂದಕ್ಕೊಂದು ಜೋಡಿಸಿ. ಪ್ಯಾನೆಲ್ ಕಡೆಯಿಂದ ಮೀಟರ್ ಇಟ್ಟು ಓದಿ. 0.14 ಚದರ ಮಿ.ಮೀ. ದಪ್ಪದ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.12 ಓಮ್ ಬರುತ್ತದೆ. 15 ಮೀಟರ್ ಕೇಬಲ್‌ನಲ್ಲಿ ಹೋಗಿ ಬರುವ ದಾರಿ 30 ಮೀಟರ್, ಅಂದರೆ ಸುಮಾರು 3.7 ಓಮ್. ಎ, ಬಿ, ಝಡ್ ಮೂರೂ ಜೋಡಿ ಹೆಚ್ಚುಕಡಿಮೆ ಒಂದೇ ತೋರಿಸಬೇಕು. ಒಂದು ಜೋಡಿ ಮಾತ್ರ ಬೇರೆ ಅಂಕಿ ತೋರಿಸಿದರೆ ಅದೇ ಕಳ್ಳ.

ಸುಮ್ನೆ ಒಮ್ಮೆ ಓದಿ ಬಿಟ್ಟರೆ ಆಗುವುದಿಲ್ಲ. ಕಡಿದ ಎಳೆ ನಿಂತ ಜಾಗದಲ್ಲಿ ತಾಗಿಕೊಂಡೇ ಇರುತ್ತದೆ. ಮೀಟರನ್ನು ಮಿನ್-ಮ್ಯಾಕ್ಸ್ ಮೋಡ್‌ಗೆ ಹಾಕಿ, ಇನ್ನೊಬ್ಬರು ಡ್ರ್ಯಾಗ್ ಚೈನ್ ಬಾಗುವ ಜಾಗದಲ್ಲಿ ಕೇಬಲ್ ಅನ್ನು ಮೆಲ್ಲಗೆ ಬಾಗಿಸುತ್ತಾ ಹೋಗಲಿ. ಮ್ಯಾಕ್ಸ್ ಒಮ್ಮೆ ಓಪನ್ ಅಂತ ತೋರಿಸಿದರೆ ಸಾಕು. ಪ್ರತಿ ಎಳೆಯಿಂದ ಶೀಲ್ಡ್‌ಗೆ ತಾಗಿದೆಯೇ ಎಂದೂ ನೋಡಿ. ತಾಗಬಾರದು.

ಕಡಿದ ಜಾಗದಲ್ಲಿ ಬೆಸುಗೆ ಹಾಕಿ ಟೇಪ್ ಸುತ್ತುವುದು ತಾತ್ಕಾಲಿಕ. ಡ್ರ್ಯಾಗ್ ಚೈನ್ ಒಳಗೆ ಜೋಡು ಇರಲೇಬಾರದು, ಅದು ಪಕ್ಕದಲ್ಲೇ ಮತ್ತೆ ಕಡಿಯುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಎಲ್ಲ ಬಗೆಯ ಕೇಬಲ್ ಸಿಗುತ್ತದೆ. ಕೇಳುವಾಗ ಮಾತ್ರ ಸ್ಪಷ್ಟವಾಗಿ ಕೇಳಿ: ಜೋಡಿ ಜೋಡಿಯಾಗಿ ಹೆಣೆದ ಎಳೆ, ಮೇಲೆ ತಾಮ್ರದ ಜಾಲರಿ ಶೀಲ್ಡ್, ಡ್ರ್ಯಾಗ್ ಚೈನ್‌ಗೆ ಆಗುವ ಬಗೆ, ಎಣ್ಣೆ ತಾಳುವ ಹೊದಿಕೆ. ಸಾದಾ ಮಲ್ಟಿಕೋರ್ ಹಾಕಿದರೆ ಎರಡು ದಿನ ಓಡಬಹುದು. ಹಾಕುವಾಗ ಎ ಮತ್ತು ಎ-ಬಾರ್ ಒಂದೇ ಜೋಡಿಯಲ್ಲಿ ಹೋಗಬೇಕು. ಎ ಒಂದು ಜೋಡಿಯಲ್ಲಿ, ಎ-ಬಾರ್ ಇನ್ನೊಂದರಲ್ಲಿ ಹೋದರೆ ಮೀಟರ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ನಾಯ್ಸ್ ಮಾತ್ರ ಧಾರಾಳವಾಗಿ ಒಳಗೆ ಬರುತ್ತದೆ.

5 ವೋಲ್ಟ್ ಎಲ್ಲಿ ಅಳೆಯಬೇಕು

ಪ್ಯಾನೆಲ್‌ನಲ್ಲಿ ಅಳೆದರೆ 5.0 ಇದೆ, ಆದ್ದರಿಂದ ಸಪ್ಲೈ ಸರಿ ಎಂದು ಮುಂದೆ ಹೋಗುವುದು ಬಹಳ ಸಾಮಾನ್ಯ. ಸಾಮಾನ್ಯ 5 ವೋಲ್ಟ್ ಎನ್‌ಕೋಡರ್‌ಗೆ ಶೇ. 5ರ ಮಿತಿ ಇರುತ್ತದೆ, ಅಂದರೆ 4.75ರಿಂದ 5.25. ಅದು ಎನ್‌ಕೋಡರ್ ತುದಿಯಲ್ಲಿ ಇರಬೇಕಾದ ಅಂಕಿ. ಮೇಲಿನ ಕೇಬಲ್‌ನಲ್ಲೇ ಸಪ್ಲೈ ಕೂಡ 0.14ರ ಒಂದೊಂದೇ ಎಳೆಯಲ್ಲಿ ಹೋಗಿದೆ, ಎನ್‌ಕೋಡರ್ 150 ಮಿಲಿ ಆಂಪ್ ಎಳೆಯುತ್ತದೆ ಎಂದುಕೊಳ್ಳಿ. 3.7 ಓಮ್‌ಗೆ 0.55 ವೋಲ್ಟ್ ದಾರಿಯಲ್ಲೇ ಹೋಯಿತು. ಎನ್‌ಕೋಡರ್‌ಗೆ ತಲುಪಿದ್ದು 4.45. ಅದೇ 0.5 ಚದರ ಮಿ.ಮೀ. ಎಳೆ ಹಾಕಿದ್ದರೆ ಸುಮಾರು 0.15 ವೋಲ್ಟ್ ಮಾತ್ರ ಬೀಳುತ್ತಿತ್ತು. ಕೇಬಲ್ ಉದ್ದ ಮಾಡಿಸಿದ ಮೇಲೆ, ಯಂತ್ರ ಜಾಗ ಬದಲಿಸಿದ ಮೇಲೆ ಶುರುವಾದ ತೊಂದರೆಗೆ ಈ ಲೆಕ್ಕ ಹಾಕಲೇಬೇಕು. ಒಳ್ಳೆಯ ಎನ್‌ಕೋಡರ್ ಕೇಬಲ್‌ಗಳಲ್ಲಿ ಸಪ್ಲೈಗೆ ದಪ್ಪ ಎಳೆ ಅಥವಾ ಎರಡೆರಡು ಎಳೆ ಇರುವುದು ಇದಕ್ಕೇ.

ಅಳೆಯುವಾಗ ಎನ್‌ಕೋಡರ್ ಜೋಡಿಸಿಯೇ ಇರಬೇಕು. ಬಿಚ್ಚಿಟ್ಟ ಕೇಬಲ್ ತುದಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಮೀಟರ್ 5.0 ಎಂದೇ ತೋರಿಸುತ್ತದೆ. ಕನೆಕ್ಟರ್ ಹಿಂಬದಿಯಿಂದ ಸಣ್ಣ ಪ್ರೋಬ್ ಇಟ್ಟು, ಪಕ್ಕದ ಪಿನ್‌ಗೆ ತಾಗದಂತೆ ಅಳೆಯಿರಿ.

ಶೀಲ್ಡ್

ಶೀಲ್ಡ್ ಅನ್ನು ಎಳೆದು, ತಿರುಚಿ, ಉದ್ದನೆಯ ಬಾಲ ಮಾಡಿ ಒಂದು ಸ್ಕ್ರೂಗೆ ಕಟ್ಟಿರುವುದು ಹಲವು ಪ್ಯಾನೆಲ್‌ಗಳಲ್ಲಿ ಕಾಣುತ್ತದೆ. ಡ್ರೈವ್ ಹೊರಹಾಕುವ ನಾಯ್ಸ್ ಹೆಚ್ಚು ಆವರ್ತನದ್ದು. ಅದಕ್ಕೆ ಆ ಬಾಲ ದಾರಿಯೇ ಅಲ್ಲ. ಕೇಬಲ್ ಹೊದಿಕೆಯನ್ನು ಸ್ವಲ್ಪ ಸುಲಿದು, ಜಾಲರಿಯ ಸುತ್ತಲೂ ಲೋಹದ ಕ್ಲ್ಯಾಂಪ್ ಹಿಡಿಯುವಂತೆ ಅರ್ತ್ ಪ್ಲೇಟ್‌ಗೆ ಬಿಗಿಯಬೇಕು. ಪ್ಲೇಟ್ ಮೇಲೆ ಬಣ್ಣ ಇದ್ದರೆ ಉಜ್ಜಿ ತೆಗೆಯಿರಿ. ಒಂದೇ ತುದಿಗೋ ಎರಡೂ ತುದಿಗೋ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಆಯಾ ಮ್ಯಾನುವಲ್ ಹೇಳಿದಂತೆ ಮಾಡಿ.

ಮೋಟರ್ ಪವರ್ ಕೇಬಲ್‌ಗೂ ಎನ್‌ಕೋಡರ್ ಕೇಬಲ್‌ಗೂ ಕನಿಷ್ಠ 200 ಮಿ.ಮೀ. ಅಂತರ ಇಟ್ಟರೆ ಒಳ್ಳೆಯದು. ದಾಟಲೇಬೇಕಾದರೆ ಅಡ್ಡಕ್ಕೆ, 90 ಡಿಗ್ರಿಯಲ್ಲಿ ದಾಟಿಸಿ. ಮೋಟರ್‌ನ ಅರ್ತ್ ವೈರ್ ನೇರವಾಗಿ ಡ್ರೈವ್‌ನ ಅರ್ತ್ ಟರ್ಮಿನಲ್‌ಗೆ ಬಂದಿದೆಯೇ ಎಂದೂ ನೋಡಿ. ಅದು ಸಡಿಲವಾದರೆ ಮೋಟರ್‌ನ ಸೋರಿಕೆ ಕರೆಂಟ್ ಎನ್‌ಕೋಡರ್ ಶೀಲ್ಡ್ ಮೂಲಕವೇ ಹಿಂದಿರುಗುತ್ತದೆ.

ನಾಯ್ಸ್ ಹೌದೋ ಅಲ್ಲವೋ ತಿಳಿಯಲು ಒಂದು ಸರಳ ಪರೀಕ್ಷೆ: ಸ್ಪಿಂಡಲ್ ನಿಂತಿದೆ, ಎಣಿಕೆ ನಿಶ್ಚಲವಾಗಿದೆ. ಡ್ರೈವ್ ಎನೇಬಲ್ ಆದ ಕೂಡಲೇ, ಸ್ಪಿಂಡಲ್ ಅಲುಗದೇ ಇದ್ದರೂ ಎಣಿಕೆ ತಾನಾಗಿ ಒಂದೇ ದಿಕ್ಕಿಗೆ ಓಡಲು ಶುರುವಾದರೆ ಹೊರಗಿನಿಂದ ಪಲ್ಸ್ ನುಗ್ಗುತ್ತಿದೆ.

ಸ್ಕೋಪ್ ಇದ್ದರೆ

ಇಲ್ಲಿಯವರೆಗೆ ಮೀಟರ್ ಸಾಕಾಯಿತು. ಎರಡು ಚಾನೆಲ್‌ನ ಆಸಿಲೋಸ್ಕೋಪ್ (ಸಿಗ್ನಲ್‌ನ ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಒಂದು ಗಂಟೆಗೆ ಎರವಲು ಸಿಕ್ಕರೂ ಅನುಮಾನವೆಲ್ಲ ಬಗೆಹರಿಯುತ್ತದೆ. ಪ್ರೋಬ್‌ನ ಅರ್ತ್ ಕ್ಲಿಪ್ ಅನ್ನು ಎನ್‌ಕೋಡರ್ ಸಪ್ಲೈನ 0 ವೋಲ್ಟ್‌ಗೆ ಮಾತ್ರ ಹಾಕಿ. ಪವರ್ ಟರ್ಮಿನಲ್‌ಗಳ ಹತ್ತಿರ ಅದನ್ನು ಒಯ್ಯಲೇಬಾರದು.

ಟಿಟಿಎಲ್ (5 ವೋಲ್ಟ್ ಡಿಜಿಟಲ್ ಸಿಗ್ನಲ್ ಕೊಡುವ) ಎನ್‌ಕೋಡರ್ ಆದರೆ ಚೌಕಾಕಾರದ ಪಲ್ಸ್. ಮೇಲಿನ ಮಟ್ಟ 2.5 ವೋಲ್ಟ್‌ಗಿಂತ ಮೇಲಿರಬೇಕು, ಕೆಳಗಿನದು 0.5ಕ್ಕಿಂತ ಕೆಳಗೆ. ಎ ಏರಿದಾಗ ಎ-ಬಾರ್ ಇಳಿಯಬೇಕು. ಎ ಇದೆ, ಎ-ಬಾರ್ ಸತ್ತಿದೆ ಎನ್ನುವ ಸ್ಥಿತಿಯಲ್ಲಿ ಕೆಲವು ಡ್ರೈವ್‌ಗಳು ನಿಧಾನ ವೇಗದಲ್ಲಿ ಹೇಗೋ ಎಣಿಸಿಕೊಂಡು ಹೋಗುತ್ತವೆ, ವೇಗದಲ್ಲಿ ಎಡವುತ್ತವೆ. ಹಾಗಾಗಿ ಆರೂ ಲೈನ್ ನೋಡಿ. ಎ ಮತ್ತು ಬಿ ನಡುವೆ ಕಾಲು ಪಲ್ಸ್‌ನಷ್ಟು, ಅಂದರೆ 90 ಡಿಗ್ರಿ ಅಂತರ ಇರಬೇಕು.

ಸೈನ್-ಕೊಸೈನ್ ಸೆನ್ಸರ್‌ಗಳಲ್ಲಿ ಅಲೆ ನುಣುಪಾಗಿರುತ್ತದೆ. 1 ವೋಲ್ಟ್ ಪೀಕ್-ಟು-ಪೀಕ್ ಬಗೆಯಲ್ಲಿ ಎ ಮತ್ತು ಎ-ಬಾರ್ ನಡುವಿನ ವ್ಯತ್ಯಾಸವನ್ನು ಅಳೆಯಬೇಕು. 0.6ರಿಂದ 1.2 ವೋಲ್ಟ್ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಫ್ಯಾನುಕ್‌ನ ಮ್ಯಾಗ್ನೆಟಿಕ್ ಸೆನ್ಸರ್‌ಗಳ ಮಟ್ಟ ಬೇರೆ, ಅದನ್ನು ಅದರದೇ ಮ್ಯಾನುವಲ್‌ನಿಂದ ತೆಗೆದುಕೊಳ್ಳಿ.

ಈಗ ಸ್ಕೋಪ್ ಅನ್ನು ಎಕ್ಸ್-ವೈ ಮೋಡ್‌ಗೆ ಹಾಕಿ. ಒಂದು ಚಾನೆಲ್‌ಗೆ ಎ, ಇನ್ನೊಂದಕ್ಕೆ ಬಿ ಕೊಟ್ಟು ಸ್ಪಿಂಡಲ್ ನಿಧಾನವಾಗಿ ತಿರುಗಿಸಿ. ಪರದೆಯ ಮೇಲೆ ಒಂದು ವೃತ್ತ ಮೂಡುತ್ತದೆ. ಈ ವೃತ್ತ ಎಷ್ಟು ವಿಷಯ ಹೇಳುತ್ತದೆ ಅಂದರೆ, ಇದನ್ನು ನೋಡದೆ ಸೈನ್-ಕೊಸೈನ್ ಸೆನ್ಸರ್ ಬಗ್ಗೆ ತೀರ್ಮಾನ ಮಾಡಬಾರದು ಎಂಬುದು ನನ್ನ ಅಭಿಪ್ರಾಯ. ದುಂಡಗೆ, ತೆಳ್ಳಗಿನ ಗೆರೆಯಲ್ಲಿ ಇದ್ದರೆ ಸೆನ್ಸರ್, ಗ್ಯಾಪ್, ಕೇಬಲ್ ಎಲ್ಲ ಚೆನ್ನಾಗಿವೆ. ಓರೆಯಾದ ಮೊಟ್ಟೆಯಾಕಾರ ಬಂದರೆ ಎ ಮತ್ತು ಬಿ ನಡುವಿನ ಕೋನ ತಪ್ಪಿದೆ, ಸೆನ್ಸರ್ ವಾಲಿ ಕೂತಿರಬಹುದು. ವೃತ್ತ ನಡುವಿನಿಂದ ಸರಿದಿದ್ದರೆ ಆಫ್‌ಸೆಟ್, ಇದು ಹೆಚ್ಚಾಗಿ ಸೆನ್ಸರ್ ಒಳಗಿನ ತೊಂದರೆ. ಒಂದು ಸುತ್ತಿನಲ್ಲಿ ವೃತ್ತ ದೊಡ್ಡದಾಗಿ ಚಿಕ್ಕದಾಗಿ ಉಸಿರಾಡಿದಂತೆ ಕಂಡರೆ ಚಕ್ರ ನಡುವಿನಲ್ಲಿಲ್ಲ ಅಥವಾ ಬೇರಿಂಗ್ ಸವೆದಿದೆ. ಸುತ್ತಿನಲ್ಲಿ ಒಮ್ಮೆ ಮಾತ್ರ ಒಳಕ್ಕೆ ಚುಚ್ಚಿದಂತೆ ಬಂದರೆ ಒಂದು ಹಲ್ಲು ಪೆಟ್ಟಾಗಿದೆ ಅಥವಾ ಅಲ್ಲೊಂದು ಚಿಪ್ ಅಂಟಿದೆ. ಗೆರೆಯೇ ದಪ್ಪವಾಗಿ ನೂಲು ಬಿಟ್ಟಂತೆ ಕಂಡರೆ ನಾಯ್ಸ್. ಟಿಟಿಎಲ್‌ನಲ್ಲಿ ವೃತ್ತ ಬರುವುದಿಲ್ಲ, ನಾಲ್ಕು ಮೂಲೆಯ ಚೌಕ ಬರುತ್ತದೆ.

ಪ್ಯಾರಾಮೀಟರ್ ಯಾವಾಗ ಮುಟ್ಟಬೇಕು

ನಿನ್ನೆವರೆಗೆ ಓಡುತ್ತಿದ್ದ ಯಂತ್ರದಲ್ಲಿ ಪ್ಯಾರಾಮೀಟರ್ ತಾನಾಗಿ ಬದಲಾಗುವುದಿಲ್ಲ. ಬ್ಯಾಟರಿ ಹೋಗಿ ಮೆಮೊರಿ ಅಳಿಸಿದ್ದರೆ, ಆಂಪ್ಲಿಫೈಯರ್ ಬದಲಿಸಿದ್ದರೆ, ಬೇರೆ ಬಗೆಯ ಸೆನ್ಸರ್ ಹಾಕಿದ್ದರೆ ಮಾತ್ರ ಈ ಕಡೆ ಬನ್ನಿ. ಮೊದಲು ಬ್ಯಾಕಪ್ ತೆಗೆಯಿರಿ. ಫ್ಯಾನುಕ್‌ನಲ್ಲಿ 4010 ಮೋಟರ್ ಸೆನ್ಸರ್ ಬಗೆ, 4011 ಅದರ ಹಲ್ಲಿನ ಸಂಖ್ಯೆ, 4002 ಸ್ಪಿಂಡಲ್ ಸೆನ್ಸರ್ ಬಗೆ. 4000ದ 0ನೇ ಬಿಟ್ ಮೋಟರ್ ಮತ್ತು ಸ್ಪಿಂಡಲ್ ತಿರುಗುವ ದಿಕ್ಕಿಗೆ, 4001ರ 4ನೇ ಬಿಟ್ ಸೆನ್ಸರ್ ಕೂತ ದಿಕ್ಕಿಗೆ. ಸೀಮೆನ್ಸ್‌ನಲ್ಲಿ ಪಿ0408 ಪಲ್ಸ್ ಸಂಖ್ಯೆ, ಪಿ0410 ದಿಕ್ಕು. ಯಾಸ್ಕಾವಾ ಎ1000ದಲ್ಲಿ ಎಫ್1-01 ಪಲ್ಸ್ ಸಂಖ್ಯೆ, ಎಫ್1-05 ದಿಕ್ಕು.

ದಿಕ್ಕು ತಪ್ಪಾಗಿದ್ದರೆ ಲಕ್ಷಣ ಸ್ಪಷ್ಟ. ಹತ್ತು ಆರ್‌ಪಿಎಂ ಆಸುಪಾಸಿನಲ್ಲಿ ಮೋಟರ್ ತೆವಳುತ್ತಾ ನಡುಗುತ್ತದೆ, ಕರೆಂಟ್ ಮಾತ್ರ ಗರಿಷ್ಠ ಮಿತಿಗೆ ಹೋಗಿ ನಿಲ್ಲುತ್ತದೆ. ಕೇಬಲ್ ರಿಪೇರಿ ಆದ ಮೇಲೆ ಹೀಗಾದರೆ ಎ ಮತ್ತು ಬಿ ಅದಲುಬದಲಾಗಿವೆ. ಅದನ್ನು ಪ್ಯಾರಾಮೀಟರ್‌ನಿಂದ ಸರಿ ಮಾಡಬೇಡಿ. ವೈರ್ ಸರಿ ಮಾಡಿ. ಮುಂದೆ ಯಾರಾದರೂ ಸರಿಯಾದ ಕೇಬಲ್ ಹಾಕಿದಾಗ ಅವರು ಕಂಗಾಲಾಗುತ್ತಾರೆ.

ಫೀಡ್‌ಬ್ಯಾಕ್ ಅಲಾರ್ಮ್ ಅನ್ನೇ ಮುಚ್ಚಿಡುವ ಬಿಟ್‌ಗಳೂ ಇವೆ. ಡೆಲಿವರಿ ಅವಸರದಲ್ಲಿ ಅದನ್ನು ಹಾಕಿಸಿಕೊಳ್ಳಲು ದಯವಿಟ್ಟು ಒಪ್ಪಬೇಡಿ. ಫೀಡ್‌ಬ್ಯಾಕ್ ಕಳೆದುಕೊಂಡ ಡ್ರೈವ್‌ಗೆ ಮೋಟರ್ ನಿಂತಿದೆ ಎಂದೇ ಅನ್ನಿಸುತ್ತದೆ, ಅದು ಇನ್ನಷ್ಟು ಕರೆಂಟ್ ತಳ್ಳುತ್ತದೆ. ಸ್ಪಿಂಡಲ್‌ನಲ್ಲಿ ಚಕ್ ಇದೆ, ಜಾಬ್ ಇದೆ, ಎದುರಿಗೆ ಆಪರೇಟರ್ ಇದ್ದಾರೆ.

ಎನ್‌ಕೋಡರ್ ಕೆಟ್ಟಿದೆಯೋ, ಡ್ರೈವ್ ಕಾರ್ಡ್ ಕೆಟ್ಟಿದೆಯೋ?

ಎನ್‌ಕೋಡರ್‌ನ ಬುಡದಲ್ಲಿ ಸ್ಕೋಪ್ ಇಟ್ಟಾಗ ಸಿಗ್ನಲ್ ಕೆಟ್ಟಿದ್ದು, ಅಲ್ಲಿ 5 ವೋಲ್ಟ್ ಸರಿ ಇದ್ದರೆ ಎನ್‌ಕೋಡರ್. ಅಲ್ಲಿ ಚೆನ್ನಾಗಿದ್ದು ಡ್ರೈವ್ ಕನೆಕ್ಟರ್‌ನಲ್ಲಿ ಕೆಟ್ಟಿದ್ದರೆ ಕೇಬಲ್. ಎರಡೂ ಕಡೆ ಚೆನ್ನಾಗಿದ್ದು ಡ್ರೈವ್ ಮಾತ್ರ ಎಣಿಸದಿದ್ದರೆ ಕಾರ್ಡ್. ಸ್ಕೋಪ್ ಇಲ್ಲದಿದ್ದರೆ ಇನ್ನೊಂದು ದಾರಿ: ಪವರ್ ತೆಗೆದು, ಡ್ರೈವ್ ಇನ್‌ಪುಟ್‌ನಲ್ಲಿ ಎ ಮತ್ತು ಎ-ಬಾರ್ ನಡುವೆ ಓಮ್ ಅಳೆಯಿರಿ. ಹಲವು ಟಿಟಿಎಲ್ ಕಾರ್ಡ್‌ಗಳಲ್ಲಿ ಅಲ್ಲಿ 120 ಓಮ್ ಆಸುಪಾಸಿನ ರೆಸಿಸ್ಟರ್ ಇರುತ್ತದೆ. ಅಂಕಿ ಎಷ್ಟೇ ಇರಲಿ, ಮೂರೂ ಜೋಡಿ ಒಂದೇ ತೋರಿಸಬೇಕು. ಪಕ್ಕದಲ್ಲಿ ಅದೇ ಮಾದರಿಯ ಯಂತ್ರ ಇದ್ದರೆ ಕಾರ್ಡ್ ಅಥವಾ ಕೇಬಲ್ ಅದಲುಬದಲು ಮಾಡಿ ನೋಡಬಹುದು. ಒಂದು ಸಲಕ್ಕೆ ಒಂದೇ ಭಾಗ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಗೊತ್ತಾಗುವುದಿಲ್ಲ, ಅಲ್ವಾ?

ಯಾಸ್ಕಾವಾದಂಥ ಸಾಮಾನ್ಯ ಡ್ರೈವ್‌ನಲ್ಲಿ ಎ1-02ನ್ನು 0 ಮಾಡಿ, ಎನ್‌ಕೋಡರ್ ಇಲ್ಲದ ವಿ/ಎಫ್ ಮೋಡ್‌ನಲ್ಲಿ ಟೂಲ್ ಇಲ್ಲದೆ, ಜಾಬ್ ಇಲ್ಲದೆ, ನಿಧಾನ ವೇಗದಲ್ಲಿ ತಿರುಗಿಸಿ ನೋಡಬಹುದು. ನುಣುಪಾಗಿ ತಿರುಗಿದರೆ ಮೋಟರ್ ಮತ್ತು ಪವರ್ ಭಾಗ ಸರಿ ಇವೆ. ಪರೀಕ್ಷೆ ಮುಗಿದ ಮೇಲೆ ಮೋಡ್ ಮತ್ತು ಬ್ಯಾಕಪ್ ತೆಗೆದಿಟ್ಟ ಪ್ಯಾರಾಮೀಟರ್ ಹಿಂದಕ್ಕೆ ಹಾಕಿ.

ಬದಲಿಸಿದ ಮೇಲೆ

ಹೊಸ ಎನ್‌ಕೋಡರ್ ಅಥವಾ ಪುಲ್ಲಿ ಹಾಕಿದ ಮೇಲೆ ಝಡ್ ಪಲ್ಸ್‌ನ ಜಾಗ ಬದಲಾಗಿರುತ್ತದೆ. ವಿಎಂಸಿಯಲ್ಲಿ ಇದನ್ನು ಮರೆತು ಟೂಲ್ ಚೇಂಜ್ ಕೊಟ್ಟರೆ ಸ್ಪಿಂಡಲ್ ಕೀ ಟೂಲ್ ಹೋಲ್ಡರ್‌ನ ಸೀಳಿಗೆ ಸರಿಯಾಗಿ ಕೂರದೆ ಎಟಿಸಿ (ಟೂಲ್ ಚೇಂಜರ್) ಆರ್ಮ್‌ಗೇ ಪೆಟ್ಟು ಬೀಳುತ್ತದೆ. ಮೊದಲು ಎಂಡಿಐನಲ್ಲಿ (ಕೈಯಿಂದ ಒಂದೊಂದೇ ಆದೇಶ ಕೊಡುವ ಮೋಡ್) ಎಂ19 ಕೊಟ್ಟು ಕೀ ಎಲ್ಲಿ ನಿಂತಿತು ನೋಡಿ. ಫ್ಯಾನುಕ್‌ನಲ್ಲಿ 4077ರಿಂದ ನಿಲ್ಲುವ ಕೋನ ಸರಿಸಬಹುದು. 4096 ಎಣಿಕೆಗೆ 360 ಡಿಗ್ರಿ, ಹಾಗಾಗಿ ಒಂದು ಡಿಗ್ರಿಗೆ ಸುಮಾರು 11 ಎಣಿಕೆ. 3117ರ 1ನೇ ಬಿಟ್ 1 ಮಾಡಿದರೆ ಡಯಾಗ್ನೋಸಿಸ್ 445ರಲ್ಲಿ ಸ್ಪಿಂಡಲ್ ಕೋನ 0ರಿಂದ 4095ರವರೆಗಿನ ಅಂಕಿಯಾಗಿ ಕಾಣುತ್ತದೆ. ಒಮ್ಮೆ ಓರಿಯೆಂಟೇಶನ್ ಆದ ಮೇಲೆ ಮಾತ್ರ ಅದನ್ನು ನಂಬಿ. ಎಂ19ನ್ನು ಬೇರೆ ಬೇರೆ ವೇಗದಿಂದ, ಎರಡೂ ದಿಕ್ಕಿನಿಂದ ಹಲವು ಸಲ ಕೊಟ್ಟು, ಪ್ರತಿ ಸಲ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ನೋಡಿ. ಟೂಲ್ ಚೇಂಜ್ ಅನ್ನು ಹಂತ ಹಂತವಾಗಿ, ಕೈಯಲ್ಲಿ ನಡೆಸಿ ನೋಡಿದ ಮೇಲೆಯೇ ಆಟೋಗೆ ಬಿಡಿ.

ಆಮೇಲೆ ಖಾಲಿ ಸ್ಪಿಂಡಲ್ ಅನ್ನು 500, 1000, 2000 ಹೀಗೆ ಮೇಲಿನ ವೇಗದವರೆಗೆ ಏರಿಸಿ. ಪ್ರತಿ ಹಂತದಲ್ಲೂ ಝಡ್ ಅಕ್ಷವನ್ನು ಪೂರ್ತಿ ಮೇಲೆ ಕೆಳಗೆ ಓಡಿಸಿ, ಕೂಲಂಟ್ ಆನ್ ಆಫ್ ಮಾಡಿ. ಅಲಾರ್ಮ್ ಮೊದಲು ಯಾವ ಸಂದರ್ಭದಲ್ಲಿ ಬರುತ್ತಿತ್ತೋ ಅದೇ ಸಂದರ್ಭವನ್ನು ಬೇಕೆಂದೇ ತರಿಸಿ. ಬಿಸಿಯಾದ ಮೇಲೆ ಬರುತ್ತಿದ್ದರೆ ಅಷ್ಟು ಹೊತ್ತು ಓಡಿಸಲೇಬೇಕು. ಸ್ಕೋಪ್ ಇರುವಾಗಲೇ ಒಳ್ಳೆಯ ಅಲೆಯ ಫೋಟೊ ತೆಗೆದು, ತಾರೀಖು ಮತ್ತು ಗ್ಯಾಪ್ ಅಳತೆ ಬರೆದು ಯಂತ್ರದ ಫೈಲ್‌ಗೆ ಸೇರಿಸಿ.

ಲೇತ್‌ಗೆ ಇನ್ನೊಂದು ಪರೀಕ್ಷೆ ಇದೆ. ಒಂದು ರಾಡ್‌ಗೆ ಬಣ್ಣ ಬಳಿದು, ಬಣ್ಣ ಕೆರೆಯುವಷ್ಟು ಮಾತ್ರ ಆಳ ಕೊಟ್ಟು ಥ್ರೆಡ್ ಹಾಕಿ. ಸ್ಪಿಂಡಲ್ ನಿಲ್ಲಿಸಿ, ರಾಡ್ ಬಿಚ್ಚದೆ, ಅದೇ ಪ್ರೋಗ್ರಾಂ ಅನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ಓಡಿಸಿ. ಪ್ರತಿ ಸಲ ಟೂಲ್ ಅದೇ ಗೆರೆಯಲ್ಲಿ ಹೋದರೆ ಝಡ್ ಪಲ್ಸ್ ಸರಿಯಾಗಿ ಸಿಗುತ್ತಿದೆ. ಪಕ್ಕದಲ್ಲಿ ಎರಡನೇ ಗೆರೆ ಬಿದ್ದರೆ ಬೆಲ್ಟ್, ಪುಲ್ಲಿ, ಶೀಲ್ಡ್ ಈ ಮೂರನ್ನು ಮತ್ತೊಮ್ಮೆ ನೋಡಿ.